ಹಾಸಿಗೆ ಮೇಲೆ ಮಲಗಿರೋದು ನಾನಂತೆ

ಬುಧವಾರ, ರಾತ್ರಿ ಹನ್ನೊಂದೂಕಾಲು. ಅಕ್ಕನಿಗೆ, ವಾಯ್ಸ್ ನೋಟ್.

...ಅದೂ ಸಾಲದು ಅಂತ ಆ ಕೌಂಟರಿನವನು ನನ್ನನ್ನೇ ಕೇಳ್ತಾನೆ ಅಕ್ಕಾ, "ಪೇಷಂಟ್‌ಗೆ ನೀವು ಏನಾಗಬೇಕು?" ಅಂತ. ಫಾರಂನಲ್ಲಿ ಪೇಷಂಟ್ ಅಂತ ಬರೆದಿರೋದು ನನ್ನ ಹೆಸರು. ನನಗೆ ನಾನು ಏನಾಗಬೇಕು, ನೀನೇ ಹೇಳು? ಬಾಯಿಗೆ ಬಂದಿದ್ದು ಅಂದುಬಿಟ್ಟೆ, "ತಮ್ಮ" ಅಂತ. ಅವನು ಕನ್ನಡಕ ಇಳಿಸಿ ನನ್ನನ್ನ ಮೇಲಿಂದ ಕೆಳಗೆ ನೋಡ್ದ. "ಅಣ್ಣ ಅಷ್ಟುದ್ದ, ತಮ್ಮ ಇಷ್ಟೇ ಇಷ್ಟಾ? ಮನೆ ಹಾಲೆಲ್ಲಾ ಅವನೇ ಕುಡಿದ್ನೇನಪ್ಪಾ?" ಬೆಳಗ್ಗೆಯಿಂದ ಇದೇ ಆಗಿದೆ. ಇಲ್ಲಿ ಸಹಿ ಹಾಕು, ಅಲ್ಲಿ ನಿಲ್ಲು, ಆ ಕಾಗದ ತಾ, ಈ ಕಿಟಕಿಗೆ ಹೋಗು.

ಇರು, ಮೊದಲಿಂದ ಹೇಳ್ತೀನಿ. ಗೊತ್ತಿಲ್ಲದ ನಂಬರ್ ಅಂತ ಗಾಬರಿ ಆಗಬೇಡ. ನಾನೇ, ನಿನ್ನ ಪುಟ್ಟ. ನಿನ್ನೆ ಕಂಪನಿಯವರು ನಿನಗೆ ಫೋನ್ ಮಾಡಿ "ನಿಮ್ಮ ತಮ್ಮ ಬಿಸಿಲಿಗೆ ಬಿದ್ದಿದಾನೆ, ಐಸಿಯುನಲ್ಲಿದಾನೆ" ಅಂದಾಗ ನೀನು ಚಪ್ಪಲಿನೂ ಹಾಕದೆ ಬಸ್‌ಸ್ಟ್ಯಾಂಡಿಗೆ ಹೊರಟಿದ್ಯಂತೆ. ಭಾವ ಹೇಳಿದ್ರು. ಆಮೇಲೆ ನಾನು ಭಾವನ ಫೋನಿಗೆ "ಚೆನ್ನಾಗಿದೀನಿ, ಆಮೇಲೆ ಹೇಳ್ತೀನಿ" ಅಂತ ಒಂದೇ ಸಾಲು ಹಾಕಿ ಬಾಯಿ ಹೊಲ್ಕೊಂಡು ಕೂತೆ. ತಪ್ಪಾಯ್ತು. ಬೈಕೋ, ಎಷ್ಟು ಬೇಕಾದ್ರೂ ಬೈಕೋ. ನೀನೀಗ ರಾತ್ರಿ ಪಾಳಿಗೆ ಫ್ಯಾಕ್ಟರಿಯಲ್ಲಿರ್ತೀಯ, ಫೋನ್ ಲಾಕರಲ್ಲಿರುತ್ತೆ, ಅದಕ್ಕೇ ಹೀಗೆ ಮಾತಾಡಿ ಕಳಿಸ್ತಿದೀನಿ. ನನಗೆ ಏನೂ ಆಗಿಲ್ಲ. ಆಗಿರೋದು ಉದ್ದಣ್ಣನಿಗೆ.

ಉದ್ದಣ್ಣ ಅಂದ್ರೆ ನನ್ನ ರೂಮಿನವನು, ಮಂಚದಿಂದ ಕಾಲು ಆಚೆ ಹಾಕಿ ಮಲಗೋನು. ನಾನು ಡೆಲಿವರಿ ಕೆಲಸಕ್ಕೆ ಸೇರಿದ ವಾರ ನನ್ನನ್ನ ಗಾಡಿ ಹಿಂದೆ ಕೂರಿಸ್ಕೊಂಡು ಇಲ್ಲಿನ ಸಂದಿಗೊಂದಿ ಎಲ್ಲ ತೋರಿಸಿದೋನು.

ಈ ಬೇಸಿಗೆಯಲ್ಲಿ ಕಂಪನಿಯವರು ಒಂದು ರೂಲ್ಸ್ ತಂದ್ರು. ರೂಲ್ಸೇನೋ ಒಳ್ಳೇದೇ, ಸುಳ್ಳು ಯಾಕೆ ಹೇಳಲಿ. ಬಿಸಿಲು ಒಂದು ಮಟ್ಟ ದಾಟಿದ ದಿನ ಮೂರು ಗಂಟೆ ಗಾಡಿ ಓಡಿಸಿದ್ರೆ ಆ್ಯಪ್ ತಾನಾಗೇ ಮುಚ್ಕೊಳ್ಳುತ್ತೆ. ಸಾಯಂಕಾಲ ನಾಲ್ಕರ ತನಕ ಆರ್ಡರ್ ಇಲ್ಲ. ನೆರಳಲ್ಲಿ ಕೂತ್ಕೊ, ನೀರು ಕುಡಿ ಅಂತ. ನಾವು ಅದಕ್ಕೆ ಬಿಸಿಲುಬೀಗ ಅಂತೀವಿ. ಆದ್ರೆ ಬೀಗ ಬೀಳೋದು ಐಡಿಗೆ, ಮನುಷ್ಯನಿಗಲ್ಲ. ನಾನು ರಾತ್ರಿ ಓಡಿಸೋನು, ಹಗಲು ಮಲಗೋನು. ಅವನು ಹಗಲಿನವನು. ಮಧ್ಯಾಹ್ನ ಅವನ ಐಡಿಗೆ ಬೀಗ ಬಿದ್ದ ತಕ್ಷಣ ರೂಮಿಗೆ ಬಂದು, ಮಲಗಿರೋ ನನ್ನ ಮುಖಕ್ಕೆ ನನ್ನ ಫೋನ್ ಹಿಡೀತಿದ್ದ. ಮುಖ ನೋಡಿ ಆ್ಯಪ್ ತೆರ್ಕೊಳ್ತಿತ್ತು. ತನ್ನ ಫೋನ್ ನನ್ನ ದಿಂಬಿನ ಪಕ್ಕ ಬಿಟ್ಟು, ನನ್ನದು ಜೇಬಿಗೆ ಹಾಕ್ಕೊಂಡು ಮತ್ತೆ ಬಿಸಿಲಿಗೆ. ಆ ಹೊತ್ತಲ್ಲಿ ಓಡೋರು ಕಮ್ಮಿ, ಆರ್ಡರ್ ಜಾಸ್ತಿ. ದುಡಿಮೆ ಅವನಿಗೆ, ರೇಟಿಂಗ್ ನನಗೆ. ರೇಟಿಂಗ್ ಇದ್ರೆ ರಾತ್ರಿ ಮೊದಲ ಆರ್ಡರ್ ನನಗೇ ಬರುತ್ತೆ. "ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಕಣೋ" ಅಂತಿದ್ದ. ನಮ್ಮಷ್ಟು ಬುದ್ಧಿವಂತರು ಯಾರೂ ಇಲ್ಲ ಅಂದ್ಕೊಂಡಿದ್ವಿ.

ನಿನ್ನೆ ಎರಡೂವರೆ ಹೊತ್ತಿಗೆ ಒಂದು ಅಪಾರ್ಟ್‌ಮೆಂಟ್ ಗೇಟಿನ ಮುಂದೆ ಗಾಡೀಲಿ ಸುಮ್ಮಸುಮ್ಮನೆ ಸುತ್ತು ಹೊಡೀತಿದ್ನಂತೆ. ಬ್ಯಾಗಲ್ಲಿದ್ದಿದ್ದು ಒಂದು ಫೋನ್ ಚಾರ್ಜರ್. ಅಷ್ಟೇ. ವಾಚ್‌ಮನ್ ನಿಲ್ಲಿಸಿ "ಯಾವ ಮನೆಗಯ್ಯಾ?" ಅಂದ್ರೆ "ನಮ್ಮನೇನೇ, ಬಾಗಿಲು ತೆಗೀರಿ" ಅಂದ್ನಂತೆ. ನಾಲಿಗೆ ತೊದಲ್ತಿತ್ತು. ಕುಡಿದಿದಾನೆ ಅಂತ ವಾಚ್‌ಮನ್ ಅವನನ್ನ ಗೇಟಿನ ಆಚೆ ಕಟ್ಟೆ ಮೇಲೆ ಕೂರಿಸ್ದ. ಬಿಸಿಲಲ್ಲೇ. ಇಪ್ಪತ್ತು ನಿಮಿಷ. ಬಿದ್ದು ಕೈಕಾಲು ಅದುರಕ್ಕೆ ಶುರುವಾದ ಮೇಲೆ ಆಂಬುಲೆನ್ಸ್ ಕರೆದ. ಅವನ ಮೇಲೂ ಸಿಟ್ಟು ಮಾಡ್ಕೊಳ್ಳಕ್ಕಾಗಲ್ಲ ಅಕ್ಕಾ, ಅವನೇ ನಿನ್ನೆ ರಾತ್ರಿ ಇಲ್ಲಿಗೆ ಬಂದು ಗೋಡೆಗೊರಗಿ ನಿಂತಿದ್ದ. "ವಾಸನೆ ನೋಡಿದ್ರೆ ಗೊತ್ತಾಗ್ತಿತ್ತು, ನಾನು ಹತ್ತಿರಾನೂ ಹೋಗಲಿಲ್ಲ" ಅಂತ ಅದನ್ನೇ ಹೇಳ್ತಿದ್ದ.

ಇಲ್ಲಿಗೆ ತಂದಾಗ ಮೈ ನೂರಾ ಏಳು ಡಿಗ್ರಿ. ಕಂಕುಳಲ್ಲಿ, ತೊಡೆಸಂದಿಯಲ್ಲಿ ಐಸ್ ಇಟ್ಟಿದ್ರು. ಜೇಬಲ್ಲಿದ್ದ ಫೋನ್ ನಂದು, ಅದರ ಹಿಂದೆ ಸಿಕ್ಕಿಸಿದ್ದ ಕಂಪನಿ ಕಾರ್ಡ್ ನಂದು. ಹಂಗಾಗಿ ಬಿದ್ದೋನು ನಾನು.

ಸುದ್ದಿ ಗೊತ್ತಾದ ಕೂಡಲೇ ನಿಜ ಹೇಳಿಬಿಡಣ ಅಂತಲೇ ಓಡಿ ಬಂದೆ. ಬಾಗಿಲಲ್ಲೇ ನಮ್ಮ ಟೀಮ್ ಲೀಡರ್ ತೋಳು ಹಿಡ್ಕೊಂಡ. "ಏಯ್, ನೀನು ಇಲ್ಲಿ ನಿಂತಿಲ್ಲ. ನೀನು ಒಳಗೆ ಹಾಸಿಗೆ ಮೇಲಿದೀಯ. ಹಾಗೇ ಇರು."

"ಅಣ್ಣಾ, ಒಳಗಿರೋದು ಅವನು..."

"ಯಾವ ಅವನು? ವಿಮೆ ಇರೋದು ಆ ಐಡಿಗೆ. ಆ ಐಡಿಯವನೇ ಬಿದ್ದಿದ್ರೆ ಆಸ್ಪತ್ರೆಯವರು ನೋಡ್ಕೋತಾರೆ. ಬೇರೆ ಯಾರೋ ಬಿದ್ದಿದ್ರೆ ರಾತ್ರಿಗೇ ಟ್ರಾಲಿ ಸಮೇತ ಆಚೆ. ನನಗಂತೂ ಏನೂ ಗೊತ್ತಿಲ್ಲಪ್ಪ. ಯೋಚನೆ ಮಾಡು."

ಯೋಚನೆ ಮಾಡ್ದೆ. ಬಾಯಿ ಮುಚ್ಕೊಂಡೆ.

ಅದಕ್ಕೇ ನಿನ್ನ ಹತ್ರ ಒಂದು ಕೇಳ್ಕೋತೀನಿ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ವಿಮೆಯವರು ನಿನಗೆ ಫೋನ್ ಮಾಡ್ತಾರೆ. "ಹೌದು, ಒಳಗಿರೋದು ನನ್ನ ತಮ್ಮನೇ" ಅಂತ ಹೇಳಿಬಿಡು. ಸ್ವಲ್ಪ ಅತ್ತರೂ ನಡೆಯುತ್ತೆ. ಚಿಕ್ಕವನಿದ್ದಾಗ ನನ್ನ ಬೆನ್ನಿಗೆ ಬೀಳೋ ಏಟು ತಪ್ಪಿಸಕ್ಕೆ ಎಷ್ಟು ಸುಳ್ಳು ಹೇಳಿಲ್ಲ ನೀನು?


ಅದೇ ರಾತ್ರಿ, ಹನ್ನೆರಡೂ ಹತ್ತು.

ಅಕ್ಕಾ, ಮಲಗಕ್ಕಾಗ್ತಿಲ್ಲ. ಆಸ್ಪತ್ರೆ ಮೆಟ್ಟಿಲ ಮೇಲೆ ಕೂತಿದೀನಿ. ಒಂದು ವಿಷಯ ಬೇಕು ಅಂತಲೇ ಬಿಟ್ಟಿದ್ದೆ.

ಸಾಯಂಕಾಲ ಡಾಕ್ಟರಮ್ಮ ಕರೆದ್ರು. ಅವನ ಕಿಡ್ನಿ ಕೈಕೊಡ್ತಾ ಇದೆಯಂತೆ. "ಹಿಂದೆ ಏನಾದ್ರೂ ಕಾಯಿಲೆ ಇತ್ತಾ? ಯಾವುದಾದ್ರೂ ಮಾತ್ರೆ ತಗೋತಿದ್ರಾ? ಬೆಳಗಾಗೋದ್ರೊಳಗೆ ನನಗೆ ಗೊತ್ತಾಗಬೇಕು" ಅಂದ್ರು. ನಮ್ಮ ರೂಮಿನ ಗೂಡಲ್ಲಿ ಒಂದು ಬಿಳಿ ಡಬ್ಬಿ ಇದೆ. ದಿನಾ ಒಂದು ನುಂಗ್ತಿದ್ದ. ಏನೋ ಅದು ಅಂದ್ರೆ "ಉದ್ದ ಆಗೋ ಮಾತ್ರೆ, ನಿನಗೂ ಬೇಕೇನೋ?" ಅಂತಿದ್ದ. ಓಡಿ ಹೋಗಿ ತಂದೆ. ಖಾಲಿ. ಮೇಲೆ ಚೀಟಿನೂ ಇಲ್ಲ. ಒಳಗೇನಿತ್ತು ಅಂತ ಗೊತ್ತಿರೋದು ಒಬ್ಬರಿಗೇ, ತಿಂಗಳಾ ತಿಂಗಳಾ ಪಾರ್ಸಲ್ ಮಾಡೋ ಅವನ ಅಮ್ಮನಿಗೆ.

ಅವರು ನಿನ್ನೆಯಿಂದ ಫೋನ್ ಮಾಡ್ತಾನೇ ಇದಾರೆ. ನನ್ನ ಕೈಲಿರೋದು ಅವನ ಫೋನ್ ತಾನೇ. ಎತ್ತಲಿಲ್ಲ. "ಕೆಲಸದಲ್ಲಿದೀನಿ ಅಮ್ಮ, ಊಟ ಆಯ್ತು" ಅಂತ ಅವನ ಹಾಗೆ ಟೈಪ್ ಮಾಡಿ ಹಾಕ್ದೆ. ಈಗ ಒಂದು ಮೆಸೇಜ್ ಬಂದಿದೆ. ಓದ್ತೀನಿ ಕೇಳು. "ನನ್ನ ಮಗ ಊಟ ಆಯ್ತು ಅಂತ ಒಂದು ದಿನವೂ ತಾನಾಗಿ ಹೇಳಿದೋನಲ್ಲ. ಹತ್ತು ಸಲ ಕೇಳಬೇಕು. ಯಾರಪ್ಪಾ ನೀನು? ನನ್ನ ಮಗ ಎಲ್ಲಿ?"

ಆಗಲೇ ಕೇಳ್ಕೊಂಡಿದ್ದು ವಾಪಸ್ ತಗೋತೀನಿ ಅಕ್ಕಾ. ವಿಮೆಯವರಿಗೆ ಸುಳ್ಳು ಹೇಳಬೇಡ. ಅವನ ಹೆಸರು ಆಚೆ ಬಂದ್ರೆ ವಿಮೆ ಹೋಯ್ತು, ನನ್ನ ಕೆಲಸ ಹೋಯ್ತು, ಕೇಸೂ ಆಗಬಹುದು. ಹೆಸರು ಬಚ್ಚಿಟ್ರೆ ಡಾಕ್ಟರಮ್ಮ ಕತ್ತಲಲ್ಲಿ ಕೈಯಾಡಿಸಬೇಕು. ಏನಾದ್ರೂ ಆಗಬಾರದ್ದು ಆಗಿಹೋದ್ರೆ ಕಾಲಿಗೆ ಕಟ್ಟೋ ಚೀಟಿಯಲ್ಲೂ ನನ್ನ ಹೆಸರೇ ಇರುತ್ತೆ. ಆ ತಾಯಿಗೆ ಮಗ ಎಲ್ಲಿ ಹೋದ ಅಂತಲೇ ಗೊತ್ತಾಗಲ್ಲ. ಅವರಿಗೆ ಹೇಳಬೇಕು. ಈ ರಾತ್ರಿಯೇ ಹೇಳಬೇಕು. ಬೆರಳು ಆ ನಂಬರ್ ಮೇಲೆ ಹೋಗುತ್ತೆ, ಒತ್ತಲ್ಲ.

ಭಾವನಿಗೆ ನಮಸ್ಕಾರ ಹೇಳು. ಮಗುನ ಬಿಸಿಲಲ್ಲಿ ಆಡಕ್ಕೆ ಬಿಡಬೇಡ, ಅದರ ನೆತ್ತಿಗೆ ನನ್ನದೊಂದು ಮುತ್ತು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ಇಂತಿ ನಿನ್ನ ಪುಟ್ಟ, ಇನ್ನೂ ಬದುಕಿರೋನು.


ಹನ್ನೆರಡೂವರೆ. ಹೇಳದೆ ಬಿಟ್ಟಿದ್ದು.

ಇದನ್ನ ಕೇಳಿ ಅಳಿಸಿಬಿಡು. ಬೇಡ, ಅಳಿಸಬೇಡ.

ಅವನ ಅಮ್ಮ ಮೊದಲು ಕೇಳೋದೇ "ಹೋಗೋವಾಗ ಹೇಗಿದ್ದ?" ಅಂತ. ಅದಕ್ಕೇ ಬೆರಳು ಬರ್ತಿಲ್ಲ.

ನಿನ್ನೆ ರೂಮಿಗೆ ಬಂದಾಗ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದ. "ತಲೆ ಸಿಡೀತಿದೆ ಕಣೋ. ವಿಚಿತ್ರ ನೋಡು, ಬೆವರೇ ನಿಂತೋಗಿದೆ" ಅಂದ. ಕೈ ತಂದು ನನ್ನ ಕೆನ್ನೆಗೆ ಮುಟ್ಟಿಸ್ದ. ಒಣಗಿತ್ತು ಅಕ್ಕಾ, ಕಾದ ಕಾವಲಿ ಥರ. ನಾನು ನಿದ್ದೆಗಣ್ಣಲ್ಲಿ "ಒಳ್ಳೇದಾಯ್ತು ಬಿಡು, ಅಂಗಿ ಒಗೆಯೋದು ಉಳೀತು" ಅಂದೆ. ನಕ್ಕ. "ಇವತ್ತು ಬೇಡ ಅನ್ಸುತ್ತೆ" ಅಂದ. ನಾನೇ, "ಇನ್ನು ಆರು ಆರ್ಡರ್ ಆದ್ರೆ ಈ ವಾರ ರೇಟಿಂಗ್ ಉಳಿಯುತ್ತೆ ಕಣೋ, ಹೋಗ್ಬಾ" ಅಂದೆ.

ಬಿಸಿಲಿನ ದಿನ ಆ್ಯಪ್ ತೆರೆಯೋ ಮುಂಚೆ ಒಂದು ಪ್ರಶ್ನೆ ಬರುತ್ತೆ. ಬಿಸಿಲಲ್ಲಿ ಬೆವರು ನಿಂತುಹೋದ್ರೆ ಏನರ್ಥ ಅಂತ. ನಾಲ್ಕು ಉತ್ತರ ಇರುತ್ತೆ. ಎರಡನೇದು ಸರಿ. ಪ್ರಾಣಕ್ಕೆ ಅಪಾಯ, ತಕ್ಷಣ ನಿಲ್ಲಿಸಿ, ಸಹಾಯಕ್ಕೆ ಕರೆಯಿರಿ. ಬೇಸಿಗೆ ಪೂರ್ತಿ ಒಂದು ದಿನವೂ ನಾನು ತಪ್ಪು ಒತ್ತಿಲ್ಲ. ನಿನ್ನೆನೂ ಮಲಗಿದ್ದಲ್ಲೇ ಎರಡನೇದು ಒತ್ತಿ, ಫೋನ್ ಅವನ ಕೈಗಿಟ್ಟು, ಫ್ಯಾನಿನ ಕಡೆ ತಿರುಗಿ ಮಲ್ಕೊಂಡೆ.

ಅವನ ಅಮ್ಮನ ಹತ್ರ ಒಬ್ಬನೇ ಮಾತಾಡಿದ್ರೆ ಇದನ್ನ ನುಂಗಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು. ನೀನು ಲೈನಲ್ಲಿದ್ರೆ ಸುಳ್ಳು ಬರಲ್ಲ. ನಿನ್ನ ಊಟದ ಬಿಡುವು ಒಂದಕ್ಕೆ ತಾನೇ? ಲಾಕರ್ ತೆಗೆದ ತಕ್ಷಣ ಇದೇ ನಂಬರಿಗೆ ಮಾಡು, ಅವರನ್ನೂ ಸೇರಿಸ್ಕೋತೀನಿ. ಊಟ ಆಮೇಲೆ ಮಾಡೀಯಂತೆ. ಒಂದು ಗಂಟೆಗೆ ಮಾಡು ಅಕ್ಕಾ. ಒಂದಕ್ಕೆ ಸರಿಯಾಗಿ.