ಕುಡಿಯದ ಸೂಪು

ನವೆಂಬರ್ 6, ಬುಧವಾರ. ಕ್ಯೋಟೋ

ಡಚ್ಚರ ಹಳೆಯ ಅಡುಗೆಮನೆ ಪಟ್ಟಿಯ ಏಳನೆಯ ಹಾಳೆ. ಹಂದಿ, ಬಾತುಕೋಳಿ, ಬೆಣ್ಣೆ, ಜಾಯಿಕಾಯಿ, ಮತ್ತೆ ಹಂದಿ. ಮಧ್ಯಾಹ್ನದವರೆಗೂ ನಕಲು ಮಾಡಿಕೊಂಡೆ. ಕೊನೆಯಲ್ಲಿ ಕ್ಯಾರೆಟ್ ಬಂತು. ಒಂದು ಕ್ಷಣ ಹಾಯೆನಿಸಿತು.

ಮೂರು ಗಂಟೆಗೆ ನಾಗಸಾಕಿಯಿಂದ ಮೇಲ್. ದೆಜಿಮಾದ ಹೊಸ ವರ್ಷದ ಊಟವನ್ನು ಜನವರಿ ಹನ್ನೆರಡಕ್ಕೆ ಮತ್ತೆ ಮಾಡಿ ಬಡಿಸುತ್ತಾರಂತೆ. ಡಚ್ ವರ್ತಕರನ್ನು ಇನ್ನೂರು ವರ್ಷ ಕೂಡಿಹಾಕಿದ್ದ ಆ ಪುಟ್ಟ ದ್ವೀಪದಲ್ಲಿ ಅವರು ಉಂಡಂಥ ಊಟ. ಎಂಬತ್ತು ಜನ ಅತಿಥಿಗಳು. ಅಡುಗೆ ಅಲ್ಲಿಯ ನಗಾತಾ ಸಾನ್ ಎಂಬ ಹಿರಿಯರದು. ಮೊದಲ ಚಮಚ ನನ್ನದು. ಗೋಮಾಂಸದ ಸೂಪು ಕುಡಿದು, ರುಚಿ ಸರಿಯಾಗಿದೆಯೇ ಎಂದು ಮೈಕಿನಲ್ಲಿ ಹೇಳಬೇಕು. ಆಮೇಲೆ ಅದರ ವಿಧಾನ ಶಾಲೆಗಳಿಗೆ ಹೋಗುವ ಕೈಪಿಡಿಯಲ್ಲಿ ಅಚ್ಚಾಗುತ್ತದೆ.

ನನ್ನನ್ನೇ ಏಕೆ? ಪುಸ್ತಕದಲ್ಲಿ ಬರೆದಿದ್ದೇನಲ್ಲ. ಪುಟ 112. “ನಾನು ಒಂದು ಬಟ್ಟಲು ಕುಡಿದೆ. ಮೊದಲು ಬೆಣ್ಣೆಯ ಸಿಹಿ. ಆಮೇಲೆ ನಾಲಿಗೆಯ ಬುಡದಲ್ಲಿ ಜಾಯಿಕಾಯಿಯ ಸಣ್ಣ ಕಹಿ. ಕೊನೆಗೆ ತುಟಿಗೆ ತುಟಿ ಅಂಟಿಕೊಂಡಿತು.”

ಕುಡಿದಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ತಿಂದವಳಲ್ಲ.

ಬರುತ್ತೇನೆ ಎಂದು ಉತ್ತರಿಸಿದೆ. ಮಾರ್ಚ್‌ನಲ್ಲಿ ಯೂನಿವರ್ಸಿಟಿಯ ಕಾಂಟ್ರಾಕ್ಟ್ ರಿನ್ಯೂ ಆಗುವುದಾದರೆ ಆ ಪುಸ್ತಕದಿಂದಲೇ.

ನವೆಂಬರ್ 7

ಬೇರೆಲ್ಲೂ ಬರೆಯಲಾಗದು. ಇಲ್ಲಿ ಬರೆದಿಡುತ್ತೇನೆ.

ಒಂಬತ್ತು ವರ್ಷದ ಹಿಂದೆ. ಯೂನಿವರ್ಸಿಟಿಯ ಚಿಕ್ಕ ಅಡುಗೆಮನೆ. ಮೊರಿಯಾಮಾ ಸಾನ್ — ಆಗ ನನ್ನ ಎದುರು ಮೇಜಿನವರು, ಈಗ ನಿವೃತ್ತರು — ಪಟ್ಟಿ ನೋಡಿಕೊಂಡು ಸೂಪು ಮಾಡಿದರು. ಕಣ್ಣು ಮುಚ್ಚಿ ಕುಡಿದರು. ಒಂದೊಂದೇ ಮಾತು ಹೇಳಿದರು. ನಾನು ಬರೆದುಕೊಂಡೆ. ಆಮೇಲೆ ಹಂದಿಗೂ ಬಾತುಕೋಳಿಗೂ ಹಾಗೆಯೇ. ಅವರ ಬಾಯಿ, ನನ್ನ ಪೆನ್ನು. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಪುಸ್ತಕದ ಹೊತ್ತಿಗೆ ಎಡಿಟರ್ ಅಂದರು, “ಇಲ್ಲಿ ಒಬ್ಬ ಮನುಷ್ಯ ಬೇಕು. ರುಚಿ ನೋಡಿದ್ದು ಯಾರು?” ಪ್ರೂಫ್ ಸಂಜೆಯೊಳಗೆ ಕಳಿಸಬೇಕಿತ್ತು. ನಾನು ಎಂದು ಸೇರಿಸಿದೆ.

ಪ್ರೂಫಿನ ಅವಸರ ನೆಪ.

ನವೆಂಬರ್ 10, ಭಾನುವಾರ

ಶ್ರೀಹರಿಯ ಫೋನ್. ಸಗಮಿಹಾರಾದಲ್ಲಿ ಇವತ್ತೂ ಲ್ಯಾಬ್ ಅಂತೆ. ಎರಡು ತಿಂಗಳಾಯಿತು ಗಂಡನ ಮುಖ ನೋಡಿ. ಎಲ್ಲ ಹೇಳಿದೆ.

“ಒಂದು ಚಮಚ ಅನೂ. ಔಷಧಿ ಅಂದ್ಕೋ.”

“ಔಷಧಿ ಕುಡಿಯೋದನ್ನ ಎಂಬತ್ತು ಜನ ಕೂತ್ಕೊಂಡು ನೋಡಲ್ಲ.”

“ದೀಪ ಹಚ್ಚೋದೇ ಬಿಟ್ಟಿದೀಯ. ಇದೊಂದು ಯಾಕೆ ಇಟ್ಕೊಂಡಿದೀಯ ಮಹರಾಯ್ತಿ?”

ಸರಿಯಾದ ಪ್ರಶ್ನೆ. ದೇವರನ್ನು ಬಿಟ್ಟು ಇಪ್ಪತ್ತು ವರ್ಷ. ಸುದ್ದಿ ನಾಲಿಗೆಗೆ ಇನ್ನೂ ತಲುಪಿಲ್ಲ.

ಸ್ಪೀಕರ್ ಹಾಕಿದ್ದೆ. ನಿಧಿ ಸೋಫಾದಿಂದಲೇ ಅಂದಳು, “ಅಮ್ಮಾ, ನಾನು ಕುಡಿದು ಹೇಳ್ತೀನಿ. ಯು ಜಸ್ಟ್ ರಿಪೀಟ್.”

“ನಿನಗೆ ಬೀಫ್ ರುಚಿ ಹೇಗೇ ಗೊತ್ತು?”

“ಸ್ಕೂಲ್ ಲಂಚ್.” ಕಣ್ಣು ಫೋನಿನ ಮೇಲೆಯೇ. “ಗೊಮೆನ್, ಸಾರಿ. ಸಿನ್ಸ್ ಸೆಕೆಂಡ್ ಗ್ರೇಡ್.”

ಆ ಕಡೆ ಶ್ರೀಹರಿ ಕೆಮ್ಮಿದ. ಅವನಿಗೆ ಗೊತ್ತಿತ್ತು.

ಹದಿನಾಲ್ಕು ವರ್ಷದವಳು. ಕೋಪ ಬರಬೇಕಿತ್ತು. ಬರಲಿಲ್ಲ. ಬಂದದ್ದು ಬೇರೆ — ಇನ್ನೊಂದು ಬಾಯಿ ಸಿಕ್ಕಿತಲ್ಲ ಎಂಬ ಸಮಾಧಾನ. ಅದಕ್ಕೆ ಹೆದರಿದೆ.

ನವೆಂಬರ್ 24

ನಗಾತಾ ಸಾನ್ ಸ್ವತಃ ಫೋನ್ ಮಾಡಿದರು. ಎಪ್ಪತ್ತೊಂದು ವರ್ಷ. ದನಿಯಲ್ಲಿ ಸಂಕೋಚ.

“ಸುಮಿಮಾಸೆನ್, ಸೆನ್ಸೇ, ತೊಂದರೆ ಕೊಡುತ್ತಿದ್ದೇನೆ. ನಿಮ್ಮ ಪುಟವನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ಆದರೆ ಪಟ್ಟಿಯಲ್ಲಿ ವಿನೆಗರ್ ಇದೆ. ಅದರಂತೆ ಮಾಡಿದರೆ ಹುಳಿ ಮುಂದೆ ಬರುತ್ತದೆ. ನೀವು ಕುಡಿದಾಗ ಹುಳಿ ಇತ್ತೇ?”

ಇಲ್ಲಿ ಹೇಳಬಹುದಿತ್ತು. ಫೋನಿನಲ್ಲಿ, ಒಬ್ಬರಿಗೆ.

“ಇರಲಿಲ್ಲ” ಅಂದೆ.

“ಹಾಗಾದರೆ ತಪ್ಪು ನನ್ನದೇ. ಮೊದಲಿನದನ್ನು ಚೆಲ್ಲಿಬಿಟ್ಟೆ. ವಿನೆಗರ್ ಬಿಡುತ್ತೇನೆ. ಬೆಣ್ಣೆ ಹೆಚ್ಚಿಸಿ ನೋಡುತ್ತೇನೆ.”

ಅರಿಗಾತೋ ಎಂದು ಧನ್ಯವಾದ ಹೇಳಿದರು. ಎರಡು ಸಲ.

ಡಿಸೆಂಬರ್ 15

ಮೂರು ವಾರ ಈ ಡೈರಿ ತೆರೆಯಲಿಲ್ಲ. ನಗಾತಾ ಸಾನ್ ಕಳಿಸುವ ಫೋಟೋಗಳು ಮಾತ್ರ ಬರುತ್ತಿವೆ. ಎಂಟನೆಯ ಪಾತ್ರೆ. ಹನ್ನೊಂದನೆಯದು. ಪ್ರತಿಯೊಂದರಲ್ಲೂ ಬಣ್ಣ ಸ್ವಲ್ಪ ಹೊನ್ನಾಗುತ್ತಿದೆ.

ಬೆಳಿಗ್ಗೆ ಕನ್ನಡಿಯ ಮುಂದೆ ಅಭ್ಯಾಸ. ಚಮಚದಲ್ಲಿ ಬಿಸಿನೀರು. ಬಾಯಿಗೆ ತರುವುದು, ನುಂಗುವುದು, ಮುಖ ಕೆಡದಂತೆ ಇಟ್ಟುಕೊಳ್ಳುವುದು. ನಾಲ್ಕು ಸಲ ಆಯಿತು. ಐದನೆಯ ಸಲ ಬೇಸಿನ್ನಿಗೆ ಬಾಗಿ ಉಗುಳಬೇಕಾಯಿತು.

ಬರೀ ನೀರಿಗೆ.

ಡಿಸೆಂಬರ್ 28, ಶನಿವಾರ

ಮೊರಿಯಾಮಾ ಸಾನ್‌ಗೆ ಕೊನೆಗೂ ಫೋನ್ ಮಾಡಿದೆ. ತ್ಸುಕುಬಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಕ್ಷಮೆ ಕೇಳುವುದಿತ್ತು. ಅವರ ರುಚಿಯನ್ನು ನನ್ನದೆಂದು ಬರೆದುಕೊಂಡದ್ದಕ್ಕೆ. ಕೇಳಿದೆ.

ನಕ್ಕರು.

“ಅನಸೂಯಾ ಸಾನ್, ಕ್ಷಮೆ ನಾನು ಕೇಳಬೇಕು. ಆ ಸೂಪಿನ ದಿನ ನನಗೆ ಜೋರು ನೆಗಡಿ. ಏನೂ ಗೊತ್ತಾಗುತ್ತಿರಲಿಲ್ಲ.”

“ಮತ್ತೆ ಬೆಣ್ಣೆ? ಜಾಯಿಕಾಯಿ?”

“ಪಟ್ಟಿಯಲ್ಲಿತ್ತಲ್ಲ. ನೀವು ಪೆನ್ನು ಹಿಡಿದು ಎಷ್ಟು ಆಸೆಯಿಂದ ನೋಡುತ್ತಿದ್ದಿರಿ. ಇಲ್ಲ ಎನ್ನಲು ಬಾಯಿ ಬರಲಿಲ್ಲ.” ಮತ್ತೆ ನಕ್ಕರು. “ತುಟಿ ಅಂಟಿದ್ದು ಮಾತ್ರ ನಿಜ. ಅದಕ್ಕೆ ಮೂಗು ಬೇಡ.”

ಫೋನ್ ಇಟ್ಟ ಮೇಲೆ ಸೈಕಲ್ ತೆಗೆದುಕೊಂಡು ಹೋದೆ. ಎಲ್ಲಿಗೆಂದು ಇಲ್ಲ. ನದಿಯ ದಂಡೆ. ಚಳಿ. ಹೊಟ್ಟೆಗೆ ಏನಾದರೂ ಬೇಕೆನಿಸಿ ಕೊಂಬಿನಿ ಅಂಗಡಿಯೊಳಗೆ ನಿಂತು ಒನಿಗಿರಿ ಅನ್ನದುಂಡೆಯ ಲೇಬಲ್ಲು ಓದುತ್ತಿದ್ದೆ, ಮೀನಿನ ಪುಡಿ ಹಾಕಿದ್ದಾರೋ ಎಂದು. ಒಂದೊಂದು ಅಕ್ಷರ ಬಿಡದೆ. ಅಷ್ಟು ಎಚ್ಚರದವಳು ನಾನು.

ಒಬ್ಬರು ಮರ್ಯಾದೆಗೆ ಹೇಳಿದ್ದು. ಒಬ್ಬಳು ನಂಬಿ ಬರೆದಿದ್ದು. ಅದನ್ನು ಮುಟ್ಟಲು ಇನ್ನೊಬ್ಬರು ಪಟ್ಟಿಯಲ್ಲಿದ್ದ ವಿನೆಗರನ್ನು ತೆಗೆದುಹಾಕಿದ್ದಾರೆ. ಹಾಗಾದರೆ ಅವರು ಚೆಲ್ಲಿದ ಮೊದಲನೆಯ ಸೂಪು...

ಈಗ ಚಮಚ ನುಂಗಿದರೂ ಪ್ರಯೋಜನವಿಲ್ಲ. ನುಂಗಿ ಸರಿ ಎಂದರೆ ಆ ಸುಳ್ಳನ್ನು ಮಕ್ಕಳು ಕಲಿಯುತ್ತಾರೆ. ಸರಿಯಿಲ್ಲ ಎನ್ನಲು ನನ್ನ ಹತ್ತಿರ ಏನಿದೆ?

ಜನವರಿ 11, ಶನಿವಾರ. ನಾಗಸಾಕಿ

ಮಧ್ಯಾಹ್ನ ನಗಾತಾ ಸಾನ್ ಅವರ ಅಡುಗೆಮನೆಗೆ ಹೋದೆ, ಹೇಳಿಬಿಡಬೇಕೆಂದೇ. ಬಾಗಿಲಲ್ಲೇ ಅಂದರು, “ಸೆನ್ಸೇ, ಇವತ್ತು ಬೆಳಿಗ್ಗೆ ಅಂಟಿತು!” ಎರಡು ಬೆರಳಿನಿಂದ ತುಟಿ ಮುಟ್ಟಿ ತೋರಿಸಿದರು. ಇಪ್ಪತ್ತಮೂರನೆಯ ಪಾತ್ರೆ.

ಫ್ರಿಜ್ಜಿನ ಮೇಲೆ ನನ್ನ ಪುಟ. ಎಣ್ಣೆ ಸಿಡಿದು ಹಳದಿಯಾಗಿದೆ.

ಅವರ ಮುಖ ನೋಡಿ ಹೇಳಲಾಗಲಿಲ್ಲ. ಜಾಯಿಕಾಯಿ ಎಲ್ಲಿಂದ ತರಿಸಿದಿರಿ ಎಂದು ಕೇಳಿದೆ. ಅರ್ಧ ಗಂಟೆ ಜಾಯಿಕಾಯಿಯ ಮಾತಾಯಿತು.

ಜನವರಿ 12, ಭಾನುವಾರ. ಸಂಜೆ 5

ಬಿಳಿ ಮೇಜುಬಟ್ಟೆ. ಎಂಬತ್ತು ಬಟ್ಟಲು, ಮುಚ್ಚಳ ಸಮೇತ. ನನ್ನದರ ಮುಚ್ಚಳ ನಿರೂಪಕಿ ತೆಗೆದಳು. ಹೊನ್ನಿನ ಬಣ್ಣ. ಚಮಚ ಎತ್ತಿದೆ. ಇಟ್ಟೆ.

“ನಾನು ಇದನ್ನು ಎಂದೂ ಕುಡಿದಿಲ್ಲ. ನಾನು ಸಸ್ಯಾಹಾರಿ.”

ಜನ ತಲೆದೂಗಿದರು. ಒಬ್ಬರು ಮೆಲ್ಲಗೆ ಚಪ್ಪಾಳೆಯನ್ನೂ ತಟ್ಟಿದರು. ನಿರೂಪಕಿ ಭಾರತದ ಸಂಪ್ರದಾಯಗಳ ಬಗ್ಗೆ ಒಳ್ಳೆಯ ಮಾತು ಶುರು ಮಾಡಿದಳು. ನನ್ನ ಬಟ್ಟಲನ್ನು ಎತ್ತಿಕೊಂಡು ಹೋಗಲು ಯಾರೋ ಬಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಎಷ್ಟು ಸುಲಭ. ಎಲ್ಲರೂ ಸೇರಿ ನನ್ನನ್ನು ಉಳಿಸುತ್ತಿದ್ದರು.

ಮೈಕನ್ನು ಮತ್ತೆ ಕೇಳಿ ತೆಗೆದುಕೊಂಡೆ.

“ಪುಸ್ತಕದಲ್ಲಿ ಕುಡಿದೆ ಎಂದು ಬರೆದದ್ದು ಸುಳ್ಳು. ಕುಡಿದವರು ಬೇರೆ. ಅವರಿಗೂ ಅವತ್ತು ನೆಗಡಿ ಇತ್ತು, ರುಚಿ ತಿಳಿದಿರಲಿಲ್ಲ. ಪಟ್ಟಿಯಲ್ಲಿ ವಿನೆಗರ್ ಇದೆ. ನಗಾತಾ ಸಾನ್ ಅದನ್ನು ನನಗಾಗಿ ಬಿಟ್ಟರು. ಅವರ ಮೊದಲ ಪಾತ್ರೆಯೇ ಪಟ್ಟಿಗೆ ಹತ್ತಿರವಿತ್ತು.”

ನೆಗಡಿಗೆ ನಕ್ಕವರು ವಿನೆಗರಿಗೆ ಸುಮ್ಮನಾದರು. ಗೋಡೆಯ ಪಕ್ಕ ನಗಾತಾ ಸಾನ್ ಟೋಪಿ ತೆಗೆದರು. ನನ್ನ ಕಡೆ ನೋಡಲಿಲ್ಲ. ಬಾಗಿ ಅತಿಥಿಗಳಿಗೆ ವಂದಿಸಿ ಒಳಗೆ ಹೋದರು.

ಸಂಘಟಕರು ಕೈಪಿಡಿಯ ಪುಟ ತಡೆದಿದ್ದಾರೆ. ಕ್ಯೋಟೋದ ಯೂನಿವರ್ಸಿಟಿಗೂ ತಿಳಿಸುತ್ತಾರೆ. ಅದು ಅವರ ಕೆಲಸ. ಬಾಗಿಲ ಹತ್ತಿರ ಕಾದೆ. ನಗಾತಾ ಸಾನ್ ಹೊರಗೆ ಬರಲೇ ಇಲ್ಲ.

ಜನವರಿ 13. ಬೆಳಿಗ್ಗೆ 9, ಸ್ಟೇಷನ್

ಏಳು ಗಂಟೆಗೆ ನಗಾತಾ ಸಾನ್ ಅವರ ಫೋನ್. ಬನ್ನಿ ಎಂದಷ್ಟೇ. ಸೂಟ್‌ಕೇಸ್ ಎಳೆದುಕೊಂಡೇ ಹೋದೆ.

ಫ್ರಿಜ್ಜಿನ ಮೇಲೆ ನನ್ನ ಪುಟವಿಲ್ಲ. ಅಂಟಿಸಿದ್ದ ಜಾಗ ಮಾತ್ರ ಬೆಳ್ಳಗಿತ್ತು. ಒಲೆಯ ಮೇಲೆ ಚಿಕ್ಕ ಪಾತ್ರೆ. ಸೂಪಿನ ಬಣ್ಣ ಮಬ್ಬು, ಸ್ವಲ್ಪ ಬೂದಿ. ಹಬೆಯಲ್ಲಿ ವಿನೆಗರಿನ ವಾಸನೆ, ಕಣ್ಣಿಗೇ ಬಡಿಯುವಷ್ಟು.

ಕ್ಷಮಿಸಿ ಎಂದೆ. ಅವರು ಒಲೆ ಸಣ್ಣ ಮಾಡಿದರು.

“ಎರಡು ತಿಂಗಳು” ಅಂದರು, “ನಿಮಗೆ ಹೇಗಿತ್ತು ಅಂತಲೇ ಹುಡುಕಿದೆ. ನನಗೆ ಹೇಗಿದೆ ಅಂತ ಒಮ್ಮೆಯೂ ನೋಡಲಿಲ್ಲ.”

ನನಗೆ ಸ್ಟೂಲು ತೋರಿಸಿದರು. ಕೂತೆ. ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಲಿಲ್ಲ. ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಗಿ ನೋಟ್‌ಬುಕ್ ಹುಡುಕುತ್ತಿತ್ತು.

“ಬರೆಯಬೇಡಿ” ಅಂದರು. “ಕೇಳಿ, ಅಷ್ಟೇ.”

ಕೈ ಹೊರಗೆ ತೆಗೆದೆ. ಅವರು ಇನ್ನೊಂದು ಚಮಚ ಕುಡಿದು, ನಿಧಾನವಾಗಿ ಹೇಳಿದರು. ಬಹಳ ಹೊತ್ತು ಹೇಳಿದರು. ಮೊದಲು ಅವರು ಹೇಳಿದ್ದು— ಇಲ್ಲ, ಬರೆಯುವುದಿಲ್ಲ.