ಪಕ್ಕದ ಹಾಸಿಗೆಯ ಬೆಲ್

ನವೆಂಬರ್ ೧೪, ಗುರುವಾರ

ನನ್ನ ಸೊಂಟದ ಮೂಳೆ ಕೂಡಿತಂತೆ. ನಾಳೆ ಈ ಆರೈಕೆ ಕೇಂದ್ರದ ಮೇಲಿನ ಮಹಡಿಗೆ ನನ್ನನ್ನು ಸಾಗಹಾಕುತ್ತಾರೆ. ಪಕ್ಕದ ಹಾಸಿಗೆಯ ಟೀಚರಮ್ಮನ ಗತಿಯೇನು ಎಂಬುದೊಂದೇ ತಲೆ ಕೊರೆಯುತ್ತಿದೆ. ಲಕ್ವ ಹೊಡೆದ ಮೇಲೆ ಆಕೆಗೆ ಕೈ ಆಡದು, ಮಾತೂ ಹೊರಡದು. ನಾಲಿಗೆಯಿಂದ ಲೊಚ್ ಎನ್ನುತ್ತಾರೆ, ನಾನು ನನ್ನ ಬೆಲ್ ಒತ್ತುತ್ತೇನೆ. ನನ್ನ ಜಾಗಕ್ಕೆ ಬರುವವರಿಗೆ ಕಿವಿಯೇ ಕೇಳುವುದಿಲ್ಲವಂತೆ.

ಮ್ಯಾನೇಜರನ್ನು ಕೇಳಿದೆ.

"ಅವರಿಗೂ ಬೆಲ್ ಇದೆಯಲ್ಲಮ್ಮಾ, ತಲೆ ಹತ್ರಾನೇ ನೇತುಹಾಕಿದೀವಿ."

"ಒತ್ತೋಕೆ ಬೆರಳು ಆಡ್ಬೇಕಲ್ಲಪ್ಪಾ. ಕೆನ್ನೆ ತಾಗಿದ್ರೆ ಸಾಕು ಹೊಡ್ಕೊಳ್ಳೋ ಬೆಲ್ ಇರುತ್ತಂತೆ, ಅದನ್ನ ತರಿಸಿ."

"ನೋಡೋಣ," ಎಂದ. ಆ ನೋಡೋಣದ ಅರ್ಥ ಇಲ್ಲಿ ಎಲ್ಲರಿಗೂ ಗೊತ್ತು.

ಸಂಜೆ ಆಯಾಳನ್ನು ಕಾಡಿ ಬೇಡಿ ಟೀಚರಮ್ಮನ ಬೆಲ್ಲನ್ನು ದಿಂಬಿಗೆ ಕಟ್ಟಿಸಿದೆ. ಆಕೆ ಕುತ್ತಿಗೆ ಹೊರಳಿಸಿ ಕೆನ್ನೆಯಿಂದ ಒತ್ತಿದರು, ಒತ್ತಿದರು. ಕೆನ್ನೆಗೆ ಕೆಂಪು ಗುರುತು ಬಿತ್ತೇ ಹೊರತು ಗುಂಡಿ ಒಳಗೆ ಹೋಗಲಿಲ್ಲ. ಕಣ್ಣೀರು ಕಿವಿಯೊಳಗೆ ಇಳಿಯಿತು. ಅದನ್ನು ಒರೆಸಿಕೊಳ್ಳುವುದಕ್ಕೂ ಆಕೆ ಯಾರನ್ನಾದರೂ ಕರೆಯಬೇಕು.

ಆಮೇಲೆ ಲೊಚ್ ಎಂದರು. ನಾನು ಬೆಲ್ ಒತ್ತಿದೆ. ಆಯಾ ಬಂದು "ನೀರು ಬೇಕಾ? ಬೆನ್ನು ನೋಯ್ತಿದೆಯಾ?" ಎಂದರೆ ಎಲ್ಲಕ್ಕೂ ಕಣ್ಣು ಮುಚ್ಚಿ ಬೇಡವೆಂದರು. ಮತ್ತೆ ಕಣ್ಣು ತೆರೆದು ನನ್ನನ್ನೇ ನೋಡಿದರು. ಕರೆದದ್ದು ನನ್ನನ್ನು. ಎದ್ದು ಹೋಗಿ ಕೈ ಹಿಡಿದುಕೊಂಡೆ. ಆ ಕೈಗೆ ಅದು ತಿಳಿಯಿತೋ ಇಲ್ಲವೋ...