ಮೊದಲು ಬಾಲ, ಆಮೇಲೆ ಮೂಗು

ಹ್ಯಾಂಗರಿನ ಹಿಂದಿನ ಕೋಣೆ
ನವೆಂಬರ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಊಟ ಸೇರುತ್ತಿದೆಯೇ? ಆಸ್ಪತ್ರೆಯ ಗಾಲಿಕುರ್ಚಿ ಕಿರುಗುಟ್ಟುತ್ತದೆ, ಎಣ್ಣೆ ಬಿಡಿ ಎಂದು ನರ್ಸಮ್ಮನ ಜೀವ ತಿನ್ನುತ್ತಿದ್ದೀಯಂತೆ, ಅತ್ತಿಗೆ ಹೇಳಿದರು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ.

ನಮ್ಮ ವಿಮಾನದ ಕಥೆ ಮುಗಿಯಿತು ಅಣ್ಣಾ. ಶಬ್ದವನ್ನೇ ಹಿಂದೆ ಹಾಕಿ ಹಾರುತ್ತಿದ್ದುದನ್ನು ಇನ್ನು ಪ್ರದರ್ಶನಕ್ಕೆ ನಿಲ್ಲಿಸುತ್ತಾರಂತೆ. ಇಂಧನವೆಲ್ಲ ಬಸಿದು, ಮತ್ತೆಂದೂ ಹಾರದಂತೆ ವೈರುಗಳನ್ನು ಕತ್ತರಿಸಬೇಕೆಂದು ಮೇಲಿನವರ ಆದೇಶ. ಎಂದಾದರೂ ಹಾರಿಸುತ್ತಾರೆಂದು ನಂಬಿ ನಾವಿಬ್ಬರೂ ಇಷ್ಟು ವರ್ಷ ಅದರ ಚಕ್ರ ತಿರುಗಿಸಿ, ಪಂಪು ಓಡಿಸಿ, ಕೂಸಿನಂತೆ ಸಾಕಿದೆವು. ಬೇರೆಯವರ ಕೈ ಬೀಳುವುದು ಬೇಡವೆಂದು ನಾನೇ ಕೆಲಸ ಒಪ್ಪಿಕೊಂಡೆ. ಇಂಧನ ಬಸಿಯುವಾಗ "ಮೊದ್ಲು ಬಾಲ, ಆಮೇಲೆ ಮೂಗು ಕಣೋ" ಎಂದು ನೀನು ಬಾಯಿ ನೋಯುವಷ್ಟು ಹೇಳಿದ್ದೆ. ಆದರೂ ಮಂಕು ಬಡಿದವನಂತೆ ಮುಂದಿನ ಟ್ಯಾಂಕನ್ನೇ ಮೊದಲು ಬಸಿದೆ. ಬಾಲದ್ದು ತುಂಬಿತ್ತಲ್ಲ, ಭಾರವೆಲ್ಲ ಹಿಂದಕ್ಕೆ ಬಿದ್ದು ಮೂಗು ಮೆಲ್ಲಗೆ ಮೇಲೆದ್ದಿತು. ಎಲ್ಲರೂ ದಿಕ್ಕಾಪಾಲಾಗಿ ಓಡಿದರು. ನಾನು ಓಡಲಿಲ್ಲ. ಹಾರಲೆಂದೇ ಎದ್ದಿತು ಅಂದುಕೊಂಡೆ, ನಗಬೇಡ. ಬಾಲದ ಟ್ಯಾಂಕು ಬಸಿದಂತೆಲ್ಲ ಅದು ಸದ್ದಿಲ್ಲದೆ ತಲೆ ತಗ್ಗಿಸಿತು. ವೈರು ಕತ್ತರಿಸಿದವನೂ ನಾನೇ. ಅಂದಿನಿಂದ ಸ್ಪ್ಯಾನರ್ ಮುಟ್ಟಿದರೆ ಅಳು ಬರುತ್ತದೆ, ಯಾವುದನ್ನು ರಿಪೇರಿ ಮಾಡಿ ಯಾರಿಗೇನು?

ನಿನ್ನ ಹಳೇ ಕಾರೊಂದನ್ನು ಮಾತ್ರ ಬಿಟ್ಟಿಲ್ಲ. "ಕಾಲು ಹೋದ್ರೆ ಹೋಗ್ಲಿ, ಕೈಯಲ್ಲೇ ಓಡಿಸ್ತೀನಿ" ಎಂದು ಆಸ್ಪತ್ರೆಗೆ ಹೊರಡುವಾಗ ಜಂಬ ಕೊಚ್ಚಿದ್ದೆಯಲ್ಲ, ಅದಕ್ಕೇ ಸ್ಟಿಯರಿಂಗಿನ ಪಕ್ಕ ಒಂದು ಲಿವರ್ ಕೂರಿಸಿದೆ. ಎಳೆದರೆ ವೇಗ, ತಳ್ಳಿದರೆ ಬ್ರೇಕು. ಕ್ಲಚ್ಚಿನದೊಂದು ತಲೆನೋವು ಬಾಕಿ. ಬೀದಿಯ ಕೊನೆಯವರೆಗೆ ಓಡಿಸಿ ನೋಡಿದೆ, ಪಕ್ಕದ ಮನೆಯ ಗೋಡೆಗೆ ಸ್ವಲ್ಪ ಸವರಿತು. ಗೋಡೆಗೇನೂ ಆಗಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ. ನರ್ಸಮ್ಮನಿಗೆ ನನ್ನ ಪರವಾಗಿ ಕ್ಷಮೆ ಕೇಳು. ಔಷಧಿ ಉಗುಳಬೇಡ.

ನಿನ್ನ ತಮ್ಮ,
ತುಕ್ಕು (ನೀನಿಟ್ಟ ಹೆಸರೇ)

ವಿ. ಸೂ.: ಅತ್ತಿಗೆ ಮುಚ್ಚಿಡಲು ನೋಡಿದರು, ಅವರ ದನಿಯೇ ಗುಟ್ಟು ಬಿಟ್ಟುಕೊಟ್ಟಿತು. ನಿನ್ನ ಬಲಗೈಯೂ ಹಿಡಿತ ಬಿಟ್ಟಿದೆಯಂತೆ. ಒಂದೇ ಕೈಯಲ್ಲಿ ಸ್ಟಿಯರಿಂಗೂ ಲಿವರೂ ಆಗದೆಂದು ನನಗೂ ಗೊತ್ತು, ನಿನಗೂ ಗೊತ್ತು. ನಿನ್ನೆ ಲಿವರನ್ನು ಬಿಚ್ಚಿ ಪಕ್ಕದ ಸೀಟಿನ ಎಡಕ್ಕೆ ಕೂರಿಸಿದ್ದೇನೆ. ಸ್ಟಿಯರಿಂಗ್ ನಾನು ಹಿಡಿಯುತ್ತೇನೆ, ವೇಗ ನೀನು ನೋಡಿಕೋ. ಎಡಗೈಯನ್ನಾದರೂ ಉಳಿಸಿಕೋ ಅಣ್ಣಾ.